ಅಕ್ಷೀ ಎಂಬ ದೋಷ

"ವೈನಿ, ಇವತ್ತಿನಿಂದ ನಮ್ಮ ಗಿರಣಿ ಯಾವ ಸಾಫ್ಟ್‌ವೇರ್ ಕಂಪನಿಗೂ ಕೈ ಮುಗಿಯೂದಿಲ್ಲ!" ಎನ್ನುತ್ತ ಗುರುಸಿದ್ದಪ್ಪ ಕಂಪ್ಯೂಟರಿನ ಮೇಲಿದ್ದ ಟವೆಲನ್ನು ಸರ್ರನೆ ಎಳೆದ.

ಇಂದುಮತಿ ಲೆಕ್ಕದ ಪುಸ್ತಕ ಬಿಟ್ಟು ಎದ್ದು ಬಂದಳು. ಬ್ಯಾಡಗಿಯ ಆ ಖಾರದಪುಡಿ ಗಿರಣಿ ಅವಳದು. ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿಯ ಬಣ್ಣ ಅಳೆಯುವ ಪ್ರಯೋಗಾಲಯ ಮೈದುನ ಗುರುಸಿದ್ದಪ್ಪನದು. ಗಿರಣಿಯ ಎರಡು ಯಂತ್ರ, ಫ್ಯಾನು, ಬಣ್ಣದ ಮೀಟರು ಎಲ್ಲವನ್ನೂ ನಡೆಸುವುದು ಒಂದೇ ಕಂಪ್ಯೂಟರು. ಅದರ ಹಳೆಯ ಆಪರೇಟಿಂಗ್ ಸಿಸ್ಟಮ್ ಕಿತ್ತು, ಜಗತ್ತಿನ ಉತ್ಸಾಹಿಗಳೆಲ್ಲ ಸೇರಿ ಕಟ್ಟಿ ಸಾಕುತ್ತಿರುವ ಮುಕ್ತ ಸಿಸ್ಟಮ್ ಹಾಕಿದ್ದ ಪುಣ್ಯಾತ್ಮ. ಅದೂ ಉಪ್ಪಿನಕಾಯಿ ಕಂಪನಿಯ ರುದ್ರಗೌಡರು ಗಿರಣಿ ನೋಡಲು ಬರುವ ದಿನವೇ! ಅವರು ಪುಡಿ ಕೊಳ್ಳಲು ಒಪ್ಪದಿದ್ದರೆ ಗಿರಣಿಯ ಆರು ಹೆಣ್ಣುಮಕ್ಕಳ ಕೆಲಸ ಹೋದಂತೆ.

"ಕೆಟ್ಟರ ಯಾರ್ ಬರ್ತಾರೋ?"

"ಇಡೀ ಜಗತ್ತು!" ಗುರುಸಿದ್ದಪ್ಪ ತಾನೇ ಕಟ್ಟಿದ ಮೈಕಿನ ಡಬ್ಬಿಯೊಂದನ್ನು ತಟ್ಟಿದ. "ನಮ್ಮ ತೊಂದ್ರಿ ಕೇಳಿ ಇದು ಸಮುದಾಯಕ್ಕ ಕಳಸ್ತೈತಿ. ಹೆಚ್ಚು ಮಂದಿ ಹೇಳಿದ್ದನ್ನ ತಾನ ಮಾಡ್ತೈತಿ. ಏ ಡಬ್ಬಿ, ಬಣ್ಣದ ಮೀಟರ್ ನಡೀವಲ್ತು!"

ನಾಲ್ಕೇ ನಿಮಿಷ. ಫಿನ್ಲೆಂಡಿನ ಅಜ್ಜನೊಬ್ಬ, ಬ್ರೆಜಿಲಿನ ಮಾಸ್ತರೊಬ್ಬ ಸೇರಿ ರಿಪೇರಿ ಕಳಿಸಿದರು. ಮೀಟರ್ ಟಿಂಗೆಂದಿತು! ಇಂದುಮತಿ ಒಳಗೊಳಗೇ ಮೆಚ್ಚಿದಳು.

"ಈ ಫ್ಯಾನ್ ಯಾಕ ಹಿಂಗ ಕಟಕಟ ಅಂತೈತೋ ಏನೋ" ಎಂದು ಅವಳು ಗೊಣಗಿದ್ದೇ ತಪ್ಪಾಯಿತು. ಡಬ್ಬಿ ಅದನ್ನೂ ಕಳಿಸಿತು. ಹದಿನೇಳು ಜನ ವೇಗ ಹೆಚ್ಚಿಸಿ ಎಂದರು. ಫ್ಯಾನು ಬಿರುಗಾಳಿಯಾಯಿತು, ಮೇಜಿನ ಮೇಲಿದ್ದ ಖಾರದಪುಡಿಯೆಲ್ಲ ಗಾಳಿಗೆದ್ದಿತು!

"ಅಕ್ಷೀ!" ಎಂದ ಗುರುಸಿದ್ದಪ್ಪ.

'ಹೊಸ ದೋಷ: ಅಕ್ಷೀ' ಎಂದು ಪರದೆಯಲ್ಲಿ ಮೂಡಿತು. ಒಬ್ಬ, ಅಕ್ಷೀಯ ಯಾವ ಆವೃತ್ತಿ ಎಂದು ಕೇಳಿದ. ಇನ್ನೊಬ್ಬ, ನಮ್ಮಲ್ಲಿ ಹಾಗಾಗುತ್ತಿಲ್ಲವಲ್ಲ ಎಂದ.

ಅಷ್ಟರಲ್ಲಿ ರುದ್ರಗೌಡರು ಒಳಗೆ ಕಾಲಿಟ್ಟು, "ನಮಸ್ಕಾರ್ರೀ... ಅಕ್ಷೀ!" ಎಂದರು.

'ದೋಷ ಖಚಿತವಾಗಿದೆ. ಮೂಲ: ಮೆಣಸಿನಕಾಯಿ.' ಗಿರಣಿ ನಿಲ್ಲಿಸಿ ಎಂದು ಬಹುಮತ ಬಂತು. ಗಿರಣಿ ಗಕ್ಕನೆ ನಿಂತಿತು!

"ಬಂದ್ ಮಾಡೋ ಈ ಡಬ್ಬೀನ!"

"ಬಂದ್ ಮಾಡಾಕೂ ಬಹುಮತ ಬೇಕು, ವೈನಿ. ಹನ್ನೊಂದು ಮಂದಿ ತಕರಾರು ತಗದಾರ!"

"ಮತ್ತ ಅಂಥಾದ್ದನ್ನ ಯಾಕ ಕಟ್ಟಿದಿ?"

"ಪ್ರಜಾಪ್ರಭುತ್ವ, ವೈನಿ!"

ಇಂದುಮತಿ ಸೆರಗಿನಿಂದ ಮೂಗು ಒರೆಸಿಕೊಂಡು ಮೈಕಿಗೆ ಬಗ್ಗಿದಳು. "ಅಣ್ಣಾರ, ಅಕ್ಕಾರ, ಅದು ದೋಷಲ್ಲ, ಸೀನು. ಮೆಣಸಿನಕಾಯಿ ಅಂದಮ್ಯಾಲ ಸೀನು ಬರೂದ. ನೀವು ಶಾಣ್ಯಾರು, ಖರೆ. ಆದ್ರ ಇಲ್ಲಿ ಆರು ಮಂದಿ ಕೈ ಕಟ್ಟಿ ನಿಂತಾರ. ಫ್ಯಾನ್ ಸಣ್ಣ ಮಾಡ್ರಿ, ಗಿರಣಿ ಚಾಲೂ ಮಾಡ್ರಿ."

ಪರದೆಯ ತುಂಬ ಕ್ಷಮಾಪಣೆಗಳ ಸುರಿಮಳೆ! ಫ್ಯಾನು ತಣ್ಣಗಾಯಿತು, ಗಿರಣಿ ಗರಗರ ಎಂದಿತು. ಆದರೆ ಸಮುದಾಯ ಅಷ್ಟಕ್ಕೇ ಬಿಡಲಿಲ್ಲ. ಪುಡಿ ಖಾರವಿರಬೇಕೋ ಸಪ್ಪೆಯಿರಬೇಕೋ ಎಂದು ಜಗಳವಾಡಿ ಎರಡು ಬಣವಾಯಿತು. ಒಂದು ಬಣ ಎಡಗಡೆಯ ಯಂತ್ರ ಹಿಡಿಯಿತು, ಇನ್ನೊಂದು ಬಲಗಡೆಯದನ್ನು. ಒಂದರಿಂದ ಬೀಜ ಸಮೇತ ಅರೆದ ಕೆಂಡದಂಥ ಪುಡಿ, ಇನ್ನೊಂದರಿಂದ ಬೀಜ ತೆಗೆದ ಬರೀ ಬಣ್ಣದ ಪುಡಿ!

ರುದ್ರಗೌಡರು ಎರಡನ್ನೂ ನೆಕ್ಕಿ ನೋಡಿ, ಕಣ್ಣೀರು ಒರೆಸಿಕೊಂಡು, "ಎರಡೂ ಬೇಕ್ರೀ ಬಾಯಾರ" ಎಂದರು. ಇಂದುಮತಿಗೆ ಹೋದ ಜೀವ ಬಂದಂತಾಯಿತು.

ಸಂಜೆಯ ಹೊತ್ತಿಗೆ ಸಮುದಾಯ ಅವಳನ್ನೇ ಗಿರಣಿಯ ಮುಖ್ಯ ನಿರ್ವಾಹಕಿಯಾಗಿ ಆರಿಸಿತ್ತು. ಗುರುಸಿದ್ದಪ್ಪ ಪಾಸ್‌ವರ್ಡ್ ಒತ್ತಿದ. ಕಂಪ್ಯೂಟರು ಒಪ್ಪದೆ, ಒಳಗೆ ಬಿಡಲು ನಿರ್ವಾಹಕಿಯ ಅನುಮತಿ ಬೇಕೆಂದು ಅವನಿಂದ ಅರ್ಜಿ ಹಾಕಿಸಿಕೊಂಡಿತು.

"ನಾ ಏನ್ ಮಾಡ್ಲಿ, ವೈನಿ?"

ಇಂದುಮತಿ ಪರದೆ ನೋಡಿದಳು. "ನಿನ್ನ ಅರ್ಜಿ ಪರಿಶೀಲನೆದಾಗ ಐತಂತ. ಅಲ್ಲೀತನಾ ಚಾ ಮಾಡ್ಕೊಂಡ್ ಬಾ."