ಮಗ್ಗದ ಕೆಳಗಿನ ಕನ್ನಡಿ

ನನಗೆ ಪ್ರೋಗ್ರಾಮಿಂಗ್ ಕಲಿಸಿದ ಗುರುಗಳಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಆನ್‌ಲೈನ್ ಚರ್ಚೆಗಳಲ್ಲಿ ಒಬ್ಬರು ಬೆಕ್ಕಿನ ಚಿತ್ರ ಹಾಕಿಕೊಂಡಿದ್ದಾರೆ, ಇನ್ನೊಬ್ಬರು ಬದನೆಕಾಯಿಯದು. ಎದುರಿಗೆ ಸಿಕ್ಕರೆ ಕಾಲಿಗೆ ಬೀಳಬೇಕಾದವರೇ. ಆದರೆ ಬದನೆಕಾಯಿಯ ಕಾಲನ್ನು ಎಲ್ಲಿ ಹುಡುಕುವುದು? ಕಾಲೇಜಿನಲ್ಲಿ ನಾಲ್ಕು ವರ್ಷ ಕೂತರೂ ತಲೆಗೆ ಹತ್ತದ್ದನ್ನು ಇವರು ಹತ್ತಿಸಿದರು, ಅದೂ ಪುಕ್ಕಟೆಯಾಗಿ, ನನ್ನ ಪೆದ್ದು ಪ್ರಶ್ನೆಗಳಿಗೆ ಬೇಸರಪಡದೆ. ನಾನೀಗ ಬರೆಯುತ್ತಿರುವ ಈ ಕನ್ನಡ ಅಕ್ಷರ ಕೂಡ ಅಂಥ ಪುಣ್ಯಾತ್ಮರೊಬ್ಬರು ಕಲಿಸಿದ್ದೇ. ತಮಿಳುನಾಡಿನ ಸೂಲೂರಿನ ಹತ್ತಿರದ ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಇರುವುದು ಮನೆಯೊಳಗೆ, ಬಾಯಲ್ಲಿ ಮಾತ್ರ. ಓದುವುದು, ಬರೆಯುವುದು, ಬಸ್ಸಿನಲ್ಲಿ ಸೀಟಿಗೆ ಜಗಳ ಕಾಯುವುದು ಎಲ್ಲ ತಮಿಳಿನಲ್ಲಿ.

ಕೊಯಮತ್ತೂರಿನ ಒಂದು ಪಂಪ್ ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವುದು ನನ್ನ ಹೊಟ್ಟೆಪಾಡು. ಓಪನ್ ಸೋರ್ಸ್ ನನ್ನ ಹುಚ್ಚು. ಅಲ್ಲಿ ಸಾಫ್ಟ್‌ವೇರ್‌ನ ಹೊಟ್ಟೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಸರಿಯಿದ್ದರೆ ಸೇರಿಸಿಕೊಂಡು ನಮ್ಮ ಹೆಸರು ಹಾಕುತ್ತಾರೆ. ಆ ಹೆಸರೊಂದು ಬಂದರೆ ನಾನೂ ಪ್ರೋಗ್ರಾಮರ್ ಅನ್ನಿಸಿಕೊಂಡೆ ಎಂದು ನನ್ನ ಲೆಕ್ಕ. ನಾಲ್ಕು ಸಲ ಕಳಿಸಿದೆ, ನಾಲ್ಕು ಸಲವೂ ವಾಪಸ್ ಬಂತು. ಹೆಣ್ಣು ನೋಡಿ ಬಂದ ಮೇಲೆ 'ಜಾತಕ ಕೂಡಲಿಲ್ಲ' ಎಂದು ಹೇಳಿ ಕಳಿಸುತ್ತಾರಲ್ಲ, ಅಷ್ಟೇ ಮರ್ಯಾದೆಯಿಂದ ಬೇಡವೆಂದಿದ್ದರು.

ಐದನೆಯ ಸಲ ಸಿಕ್ಕಿತು ನನ್ನ ಅದೃಷ್ಟ. ಸೀರೆಯ ಡಿಸೈನ್ ಚಿತ್ರ ಕೊಟ್ಟರೆ, ಯಾವ ನೂಲು ಮೇಲೇಳಬೇಕೆಂದು ಮಗ್ಗಕ್ಕೆ ತಿಳಿಸುವ ರಟ್ಟಿನಲ್ಲಿ ಎಲ್ಲೆಲ್ಲಿ ತೂತು ಬೀಳಬೇಕೆಂದು ತೋರಿಸುವ ಸಾಫ್ಟ್‌ವೇರ್ ಅದು. ನೋಡಿಕೊಳ್ಳುತ್ತಿದ್ದವರು ಹಿಮ ಬೀಳುವ ಯಾವುದೋ ದೇಶದ ಒಬ್ಬ ಮೇಡಂ. ಬಲಕ್ಕೆ ಮುಖ ಮಾಡಿದ ಹಂಸದ ಚಿತ್ರ ಕೊಟ್ಟು ನೋಡಿದೆ; ರಟ್ಟಿನ ನಕ್ಷೆಯಲ್ಲಿ ಹಂಸ ಎಡಕ್ಕೆ ತಿರುಗಿ ಕೂತಿತ್ತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪು! ಹಂಸವನ್ನು ತಿರುಗಿಸುತ್ತಿದ್ದ ಒಂದೇ ಒಂದು ಸಾಲನ್ನು ಅಳಿಸಿ ಕಳಿಸಿದೆ. ಮರುದಿನ ಆಫೀಸಿನಲ್ಲಿ ಅರ್ಧ ಕಿಲೋ ಮೈಸೂರ್ ಪಾಕ್ ಹಂಚಿದೆ. ಕಳಿಸಿದ್ದಕ್ಕೆ ಹಂಚಿದ್ದು, ಒಪ್ಪಿಕೊಳ್ಳುವವರೆಗೆ ಕಾಯುವ ತಾಳ್ಮೆ ನಮ್ಮ ವಂಶದಲ್ಲೇ ಇಲ್ಲ.

ಮೇಡಂ ಉತ್ತರ ಬರೆದರು. "ಧನ್ಯವಾದ. ಆದರೆ ಆ ಸಾಲನ್ನು ಹಿಂದೆ ಯಾರೋ ಬೇಕೆಂದೇ ಸೇರಿಸಿದ ಹಾಗಿದೆ. ನಾನು ನೇಯುವುದು ಬರೀ ಟವೆಲ್, ನನಗೆ ತಿಳಿಯದು. ನಿಮಗೆ ಪರಿಚಯದ ನೇಕಾರರು ಯಾರಾದರೂ ಇದ್ದರೆ ಕೇಳಿ ನೋಡುತ್ತೀರಾ?"

ನನಗೆ ಮೈ ಉರಿಯಿತು. ಪರಿಚಯದ ನೇಕಾರರಂತೆ, ನನಗೆ! "ನಮ್ಮದು ತಲೆತಲಾಂತರದ ನೇಕಾರರ ಮನೆ. ಈ ವಿಷಯದಲ್ಲಿ ನನ್ನ ಮಾತನ್ನು ಧಾರಾಳವಾಗಿ ನಂಬಬಹುದು" ಎಂದು ಟೈಪ್ ಮಾಡಿದೆ. ಟೈಪ್ ಮಾಡುವಾಗ ಪಕ್ಕದ ಕೋಣೆಯಲ್ಲಿ ಅಪ್ಪ ಹಂಸದ ಸೀರೆಯನ್ನೇ ನೇಯುತ್ತಿದ್ದರು. ಮಗ್ಗದ ಸದ್ದಿಗೆ ಬರೆಯಲು ತೊಂದರೆಯಾಯಿತೆಂದು ಎದ್ದು ಬಾಗಿಲು ಹಾಕಿಕೊಂಡು ಬಂದೆ. ನಿಜ ಹೇಳಬೇಕೆಂದರೆ ನಾನು ಮಗ್ಗದ ಮೇಲೆ ಒಂದು ದಿನವೂ ಕೂತವನಲ್ಲ. "ನೀನು ಓದು ಸಾಮಿ, ಅದರ ಹತ್ತಿರ ಹೋಗಬ್ಯಾಡ" ಎಂದು ಅಮ್ಮ ಹೇಳಿದ ಈ ಒಂದು ಮಾತನ್ನು ಮಾತ್ರ ತಪ್ಪದೆ ಪಾಲಿಸಿದ್ದೆ.

ಮೇಡಂ ನಂಬಿಯೇ ಬಿಟ್ಟರು. "ಎಷ್ಟು ಒಳ್ಳೆಯದಾಯಿತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯ ಒಂದು ಫೋಟೋ ಕಳಿಸಿ. ಹಂಸ ಬಲಕ್ಕಿದ್ದರೆ ಇವತ್ತೇ ನಿಮ್ಮ ತಿದ್ದುಪಡಿ ಸೇರಿಸುತ್ತೇನೆ."

ಹಾಕಿದ ಬಾಗಿಲನ್ನು ನಾನೇ ತೆರೆದು, ಫೋನ್ ಹಿಡಿದು ಹೋದೆ. ಮಗ್ಗದ ಮೇಲೆ ನೋಡಿದರೆ ಹಂಸವೇ ಇಲ್ಲ. ಜರಿಯ ಎಳೆಗಳು ಅಡ್ಡಾದಿಡ್ಡಿ ಬಿದ್ದಿವೆ. "ಹಂಸ ಎಲ್ಲಪ್ಪಾ?" ಎಂದೆ.

ಅಪ್ಪ ಕೈ ನಿಲ್ಲಿಸಿ, ಪಕ್ಕದಿಂದ ಒಂದು ಸಣ್ಣ ಕನ್ನಡಿ ತೆಗೆದು ಕೊಟ್ಟರು. ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಪ್ಪ ನಡುನಡುವೆ ಮೀಸೆ ನೋಡಿಕೊಳ್ಳುತ್ತಾರೆ ಎಂದೇ ಇಷ್ಟು ದಿನ ತಿಳಿದಿದ್ದೆ. "ಕೆಳಗ ಹಿಡಿ ಸಾಮಿ" ಎಂದರು. ಬಗ್ಗಿ ಹಿಡಿದರೆ ಸೀರೆಯ, ಅಪ್ಪನ ಬಾಯಲ್ಲಿ 'ಸೇಲೆ'ಯ, ಅಡಿಯಲ್ಲಿ ಹಂಸ ಫಳಫಳ ಹೊಳೆಯುತ್ತಿದೆ.

"ಸೇಲೆ ಮುಖ ಯಾವಾಗ್ಲೂ ಕೆಳಗ ತಾನೇ. ಮ್ಯಾಲ ಕಾಣೋದು ಬೆನ್ನು. ಹಿಂಗ ನೇದ್ರೆ ನೂಲು ಎತ್ತೋ ಭಾರ ಕಮ್ಮಿ, ಮುಖಕ್ಕ ಕೈ ಬೆವರೂ ತಾಕಲ್ಲ. ಆಮ್ಯಾಲ ಸೇಲೆ ತಿರುವಿದ್ರೆ ಎಡ ಬಲ ಆಗುತ್ತಲ್ಲ, ಅದಕ್ಕೇ ರಟ್ಟಿನಾಗ ತಿರುಗಿಸಿ ಹಾಕೋದು." ಅಂದರೆ ಆ ಸಾಲು ಸರಿಯಾಗಿಯೇ ಇತ್ತು. ನನ್ನ ಮಾತು ನಡೆದಿದ್ದರೆ ಆ ಸಾಫ್ಟ್‌ವೇರ್ ನಂಬಿದ ಅಷ್ಟೂ ನೇಕಾರರ ಹಂಸಗಳು ಸೀರೆಯಲ್ಲಿ ಉಲ್ಟಾ ದಿಕ್ಕಿಗೆ ತಿರುಗಿ ಕೂರುತ್ತಿದ್ದವು.

ವಿಷಯವೆಲ್ಲ ಕೇಳಿ ಅಪ್ಪ ಬೈಯಲಿಲ್ಲ. "ನಾನು ಇಲ್ಲೇ ತಾನೇ ಕೂತಿದ್ದೆ? ಕೇಳಬಾರದಾ?" ಎಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಬದನೆಕಾಯಿಯವರನ್ನು ಇನ್ನೂರು ಪ್ರಶ್ನೆ ಕೇಳಿದ್ದೇನೆ, ಈ ಮನುಷ್ಯನನ್ನು ಒಂದೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಎಲ್ಲರೂ ಓದುವ ಆ ಚರ್ಚೆಯಲ್ಲೇ ತಪ್ಪೊಪ್ಪಿಕೊಂಡು ಬರೆದೆ. ಬಾಗಿಲು ಹಾಕಿದ್ದನ್ನೂ, ಕನ್ನಡಿಯನ್ನೂ ಬಿಡಲಿಲ್ಲ. ಇನ್ನು ನನ್ನನ್ನು ಹತ್ತಿರ ಸೇರಿಸುವುದಿಲ್ಲ ಎಂದುಕೊಂಡರೆ ಮೇಡಂ ಬರೆದರು: "ಆ ಸಾಲು ಏಕಿದೆ ಎಂದು ಇಂದಿಗೆ ತಿಳಿಯಿತು. ನಿಮ್ಮ ತಂದೆಯವರ ಮಾತನ್ನೇ ಅದರ ಪಕ್ಕದಲ್ಲಿ ವಿವರಣೆಯಾಗಿ ಬರೆದು ಕಳಿಸಿ." ಕಳಿಸಿದೆ. ಒಂದೇ ಗಂಟೆಯಲ್ಲಿ ಒಪ್ಪಿಕೊಂಡರು. ಬೆಕ್ಕೂ ಬದನೆಕಾಯಿಯೂ ಶುಭಾಶಯ ಹೇಳಿದರು. ಅವತ್ತಿನಿಂದ ಅಪ್ಪನಿಗೆಂದೇ ಪ್ರಶ್ನೆಗಳು ಬರುತ್ತಿವೆ. ಸಂಜೆ ಕಾಫಿ ಹಿಡಿದು "ಆ ಅಮ್ಮ ಏನಂದ್ರು?" ಎಂದು ಪಕ್ಕದಲ್ಲಿ ಬಂದು ಕೂರುತ್ತಾರೆ. 'ಊಟ ಆಯ್ತಾ' ದಾಟಿ ಮುಂದಕ್ಕೆ ಹೋಗದಿದ್ದ ನಮ್ಮಿಬ್ಬರ ಮಾತು ಈಗ ಅರ್ಧ ಗಂಟೆ ನಡೆಯುತ್ತದೆ. ಮುಖ ಕಾಣದ ಆ ಮೇಡಂಗೆ ಈ ಋಣವನ್ನು ಹೇಗೆ ತೀರಿಸುವುದೋ ನನಗೆ ಗೊತ್ತಿಲ್ಲ.

ಹೋದ ವಾರ, ಆ ಸಾಫ್ಟ್‌ವೇರ್‌ಗಾಗಿ ಕೆಲಸ ಮಾಡಿದವರ ಪಟ್ಟಿ ಬಂತು. ಅಪ್ಪನ ಹೆಸರಿನ ಮುಂದೆ 'ನೇಯ್ಗೆಯ ಗುರು' ಎಂದಿತ್ತು. ಅದರ ಕೆಳಗೆ ನನ್ನ ಹೆಸರು, ಮುಂದೆ 'ಕನ್ನಡಿ ಹಿಡಿದವರು'. ಓದಿ ಹೇಳಿದೆ. ಅಪ್ಪ "ಒಂದೇ ಸಲ ತಾನೇ ಹಿಡಿದೆ?" ಎಂದರು.

ಅದಕ್ಕೇ ಈಗ ದಿನಾ ಬೆಳಿಗ್ಗೆ ಬಸ್ಸಿಗೆ ಓಡುವ ಮುಂಚೆ ಹತ್ತು ನಿಮಿಷ ಬಗ್ಗಿ ಕನ್ನಡಿ ಹಿಡಿಯುತ್ತೇನೆ. ಹಂಸ ಚೆನ್ನಾಗಿ ಕಾಣುತ್ತದೆ. ಕೈ ಸ್ವಲ್ಪ ಜಾರಿದರೆ ತಲೆತಲಾಂತರದ ನೇಕಾರರ ಮನೆಯವನೊಬ್ಬನ ಮುಖವೂ ಕಾಣುತ್ತದೆ. ಅದನ್ನು ತಿದ್ದಲು ಯಾವ ಸಾಲು ಅಳಿಸಬೇಕೋ, ಅಪ್ಪನನ್ನೇ ಕೇಳಬೇಕು.