ಉತ್ತರ ಬರೀಬೇಡಿ, ಇಂತಿ ಆರ್ವಿಲ್

ಆರ್ವಿಲ್: ಆಗಲ್ಲ ಅಂದ್ರೆ ಆಗಲ್ಲ. 'ನೋ-ರಿಪ್ಲೈ' ಅಂತಾನೇ ಹಾಕು. ಉತ್ತರ ಬರೀಬೇಡಿ ಅಂತ. ಮುಗೀತು.

ಲವಾನ್: ಓಹೋ! ಊರೋರ ಮುಖಕ್ಕೆ ಬಾಗಿಲು ಹಾಕ್ಬಿಟ್ಟು, ಒಳಗಿಂದ 'ಬನ್ನಿ ಬನ್ನಿ, ಟೊಮೇಟೊ ಸಸಿ ತಗೊಳ್ಳಿ' ಅಂತ ಕೂಗೋದು, ಅಲ್ವಾ?

ಆರ್ವಿಲ್: ದೊಡ್ಡೋರೆಲ್ಲ ಹಾಗೇ ಹಾಕ್ತಾರೆ ಕಣೇ. ಬ್ಯಾಂಕಿನೋರು ಹಾಕ್ತಾರೆ. ವಿಮಾನದೋರು ಹಾಕ್ತಾರೆ.

ಲವಾನ್: ನೀನೇನು ವಿಮಾನ ಹಾರಿಸ್ತೀಯಾ? ಮೆಣಸಿನ ಸಸಿ ಮಾರೋನು ನೀನು!

ಇಬ್ಬರ ನಡುವೆ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಒದ್ದಾಡುತ್ತಿದ್ದವಳು ನಾನು, ಮಾರ್ಲಿಸ್, ಲವಾನಳ ತಂಗಿ. ಚರ್ಚಿನ ಕಚೇರಿಯಲ್ಲಿ ಇಪ್ಪತ್ತು ವರ್ಷ ಟೈಪ್ ಮಾಡಿದ ತಪ್ಪಿಗೆ, ನಮ್ಮೂರು ಲಿಟಲ್ ಟ್ಯಾಮರ್ಯಾಕಿನಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಮ್ಮಿದರೂ ನನಗೇ ಫೋನ್ ಬರುತ್ತದೆ. ಆವತ್ತಿನ ಕೆಲಸ ಐದು ನಿಮಿಷದ್ದು. ಹಸಿರುಮನೆಯ, ಅಂದರೆ ಗಾಜಿನ ಮನೆಯಲ್ಲಿ ಸಸಿ ಬೆಳೆಸಿ ಮಾರುವ ಅಕ್ಕ-ಭಾವನ ಅಂಗಡಿಯ, ಗಿರಾಕಿಗಳಿಗೆಲ್ಲ 'ಮೇ ತಿಂಗಳ ಮೂರನೇ ಶನಿವಾರ ಬಾಗಿಲು ತೆರೆಯುತ್ತೇವೆ' ಎಂದು ಒಂದು ಇ-ಮೇಲ್ ಕಳಿಸಬೇಕಿತ್ತು. ಅದು ಯಾರ ವಿಳಾಸದಿಂದ ಹೋಗಬೇಕು ಎನ್ನುವಲ್ಲಿ ಗಂಡಹೆಂಡಿರು ಒಂದು ಗಂಟೆಯಿಂದ ಕಿತ್ತಾಡುತ್ತಿದ್ದರು.

ನಗುವ ವಿಷಯವಲ್ಲ ಅದು. ಹೋದ ವರ್ಷ ಭಾವ 'ಸೇಲ್ಸ್' ಅನ್ನುವ ವಿಳಾಸದಿಂದ, ದಪ್ಪ ದಪ್ಪ ಅಕ್ಷರದಲ್ಲಿ 'ಬೇಗ ಬನ್ನಿ' ಎಂದು ಕಳಿಸಿದ್ದರು. ಅದು ಸೀದಾ ಎಲ್ಲರ ಕಸದ ಪೆಟ್ಟಿಗೆಗೆ ಹೋಯಿತು. ಬಾಗಿಲು ತೆರೆದ ದಿನ ಬಂದವರು ಇಬ್ಬರು. ಅದರಲ್ಲಿ ಒಬ್ಬರು ಪಾದ್ರಿಗಳು, ಅವರೂ ಬಂದದ್ದು ಬಾತ್‌ರೂಮ್ ಕೇಳಿಕೊಂಡು. ಸಾವಿರದ ಇನ್ನೂರು ಟೊಮೇಟೊ ಸಸಿ ಕುಂಡದಲ್ಲೇ ಉದ್ದುದ್ದ ಬೆಳೆದು, ಬಾಗಿ, ಹಳದಿಯಾದವು. ಜೂನ್ ಕೊನೆಯಲ್ಲಿ ಅಕ್ಕ ಒಂದೊಂದನ್ನೂ ತನ್ನ ಕೈಯಾರೆ ಗೊಬ್ಬರದ ರಾಶಿಗೆ ಹಾಕಿದಳು. ಅವಳು ಅತ್ತದ್ದು ನೋಡಿ ನನಗೂ ಅಳು ಬಂತು. ಈ ವರ್ಷವೂ ಅಷ್ಟೇ ಸಸಿಗಳು ಗಾಜಿನ ಆಚೆ ನಿಂತಿದ್ದವು.

ನಾನು: 'ಇನ್ಫೋ' ಅಂತ ಹಾಕ್ಲಾ? ಮಾಹಿತಿ ಅಂತ. ಯಾರಿಗೂ ನೋವಿಲ್ಲ.

ಲವಾನ್: ಮಾಹಿತಿ ಅಂದ್ರೆ ಯಾರೇ? ನಿನಗೆ ಗೊತ್ತಾ ಅವರ ಮನೆ? ಮುಖ ಮೂತಿ ಇಲ್ದೋರ ಕಾಗದ ಯಾರು ಬಿಚ್ತಾರೆ?

ಆರ್ವಿಲ್: ನನ್ನ ಸ್ವಂತ ವಿಳಾಸದಿಂದ ಕಳಿಸು ಮಾರ್ಲಿಸ್. ಪೀಡೆ ಹೋಗ್ಲಿ.

ನಾನು: ಅದು ಪುಕ್ಕಟೆ ವಿಳಾಸ ಭಾವ. ಅದರಿಂದ ಒಂದೇ ಏಟಿಗೆ ಆರುನೂರು ಜನಕ್ಕೆ ಕಳಿಸಿದ್ರೆ, ಯಾರೋ ಮೋಸಗಾರ ಅನ್ಕೊಂಡು ದಾರೀಲೇ ತಡೀತಾರೆ. ಅಂಗಡಿ ಹೆಸರಿನ ವಿಳಾಸದಿಂದಲೇ ಹೋಗ್ಬೇಕು. ಅಲ್ದೆ ನಿಮ್ಮ ವಿಳಾಸ ಏನು ಅಂತ ನೆನಪಿದೆಯಾ?

ಆರ್ವಿಲ್: ಏನು?

ನಾನು: 'ಮೀನುಪ್ರಿಯ ಆರ್ವಿಲ್ ಐವತ್ತೆಂಟು.'

ಆರ್ವಿಲ್: ಅದರಲ್ಲೇನು ತಪ್ಪು? ಸತ್ಯ ತಾನೆ?

ಅಕ್ಕ ಮಣ್ಣು ಮೆತ್ತಿದ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು. ಅವಳು ಕೈಗವಸು ಬಿಚ್ಚಿದಳೆಂದರೆ ಮಾತು ಗಟ್ಟಿಯಾಯಿತು ಅಂತಲೇ ಅರ್ಥ.

ಲವಾನ್: ನನ್ನ ಹೆಸರು ಹಾಕು. 'ಲವಾನ್, ಟ್ವೆಟನ್ ಹಸಿರುಮನೆ' ಅಂತ.

ಆರ್ವಿಲ್: ಬೋರ್ಡಿನ ಮೇಲೆ ನಮ್ಮ ಮನೆತನದ ಹೆಸರು, 'ಟ್ವೆಟನ್ ಅಂಡ್ ಸನ್ಸ್' ಅಂತಿದೆ. ಅಪ್ಪ ಬರೆಸಿದ್ದು.

ಲವಾನ್: ಎಲ್ಲಿದ್ದಾರಪ್ಪ ಆ ಸನ್ಸು? ನಿಮ್ಮಣ್ಣ ಅರಿಜೋನಾದಲ್ಲಿ ಬಿಸಿಲು ಕಾಯಿಸ್ಕೊಂಡು ಗಾಲ್ಫ್ ಆಡ್ತಿದ್ದಾನೆ. ನೀನು ಡಿಸೆಂಬರಿಂದ ಮಾರ್ಚ್‌ವರೆಗೆ ಕೆರೆ ಐಸಿನ ಮೇಲೆ ಕೂತು, ಮೀನು ಬರುತ್ತೆ ಅಂತ ತೂತು ನೋಡ್ತಿರ್ತೀಯ. ಬೀಜ ಹಾಕಿದ್ದು ಯಾರು? ಫೆಬ್ರವರಿ ಚಳೀಲಿ ಹೀಟರ್ ಕೆಟ್ಟಾಗ ಸಸಿಗೆ ಕಂಬಳಿ ಹೊದಿಸಿದ್ದು ಯಾರು? ಮೂವತ್ತೊಂದು ವರ್ಷ ಆಯ್ತು ಈ ಅಂಗಡಿಗೆ ಬಂದು. ನನ್ನ ಹೆಸರು ಒಂದು ಕುಂಡದ ಚೀಟಿ ಮೇಲೂ ಇಲ್ಲ!

ಆರ್ವಿಲ್: ಹೆಸರಿನ ಮಾತಲ್ಲ ಕಣೇ. ನಿನ್ನ ಹೆಸರು ಹಾಕಿದ್ರೆ ಜನ ಉತ್ತರ ಬರೀತಾರೆ.

ಲವಾನ್: ಬರೀಲಿ. ನಾನೂ ಬರೀತೀನಿ.

ಆರ್ವಿಲ್: ಅಲ್ಲೇ ಇರೋದು! ನೀನು ಬರೆದ್ರೆ ಅವರು 'ಥ್ಯಾಂಕ್ಸ್' ಅಂತ ಬರೀತಾರೆ. ನೀನು 'ಅಯ್ಯೋ ಅದಕ್ಕೇನಂತೆ' ಅಂತೀಯ. ಅವರು 'ಸೊಂಟನೋವು ಹೇಗಿದೆ' ಅಂತಾರೆ. ನಮ್ಮೂರೋರು 'ಸರಿ, ಹೊರಡ್ತೀವಿ' ಅಂತ ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಮಾತಾಡೋರು. ಅಂಥೋರ ಕೈಗೆ ಇ-ಮೇಲ್ ಕೊಟ್ರೆ ಕ್ರಿಸ್‌ಮಸ್ ಆದ್ರೂ ಮುಗಿಯಲ್ಲ.

ಲವಾನ್: ನಿನ್ನ ಹಾಗೆ ಉತ್ತರ ಬರೀಬೇಕಾ? ಮೂರು ವರ್ಷದ ಹಿಂದೆ ಆ ಹೆಂಗಸು ಕೇಳಿದ್ಳು, 'ನಮ್ಮ ಹಿತ್ತಲಲ್ಲಿ ಗುಲಾಬಿ ಬದುಕುತ್ತಾ?' ಅಂತ. ಏನು ಬರ್ದೆ ನೀನು?

ಆರ್ವಿಲ್: 'ಇಲ್ಲ' ಅಂತ ಬರ್ದೆ. ಬದುಕಲ್ಲ.

ಲವಾನ್: ಅಷ್ಟೇ! ಒಂದು ನಮಸ್ಕಾರ ಇಲ್ಲ, ಒಂದು ಒಳ್ಳೇ ಮಾತಿಲ್ಲ. ಪಾಪ, ಅವಳು ಅತ್ಕೊಂಡು ಫೋನ್ ಮಾಡಿದ್ಳು!

ಅಷ್ಟರಲ್ಲಿ ಬಾಗಿಲಿನ ಗಂಟೆ ಕಿಣಿಗುಟ್ಟಿತು. ಒಳಗೆ ಬಂದವರು ಥೆಲ್ಮಾ ಟೀಚರ್. ಎಂಬತ್ತೆರಡು ವರ್ಷ, ನಮ್ಮೂರಿನ ಅರ್ಧ ಜನಕ್ಕೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಒಂದು ಕೈಯಲ್ಲಿ ಬಟ್ಟೆ ಮುಚ್ಚಿದ ಹಾಟ್‌ಡಿಶ್, ಆಲೂಗಡ್ಡೆ ಹಾಕಿ ಓವನ್ನಿನಲ್ಲಿ ಬೇಯಿಸಿದ ತಿನಿಸು, ಬಿಸಿ ಹಬೆಯಾಡುತ್ತಿತ್ತು. ಇನ್ನೊಂದು ಕೈಯಲ್ಲಿ ಅವರಿಗಿಂತ ಎತ್ತರದ, ಐಸಿಗೆ ತೂತು ಕೊರೆಯುವ ಬೈರಿಗೆ. ಭಾವ ಎಂದಿನಂತೆ ದಡಕ್ಕನೆ ಎದ್ದು ನಿಂತು ಟೋಪಿ ತೆಗೆದರು.

ಥೆಲ್ಮಾ ಟೀಚರ್: ಆರ್ವಿಲ್, ತಪ್ಪಾಯ್ತಪ್ಪ. ತಗೋ ನಿನ್ನ ಬೈರಿಗೆ.

ಆರ್ವಿಲ್: ಇದು... ಇದು ನಂದೇ! ಹದಿನಾಲ್ಕು ವರ್ಷದಿಂದ ಹುಡುಕ್ತಿದ್ದೆ ಟೀಚರ್!

ಥೆಲ್ಮಾ ಟೀಚರ್: ನಮ್ಮ ಯಜಮಾನ್ರು ಕೇಳಿ ತಂದಿದ್ರು. ಅವರು ಹೋಗಿ ಒಂಬತ್ತು ವರ್ಷ ಆಯ್ತು. ಗ್ಯಾರೇಜಲ್ಲಿ ಕಣ್ಣಿಗೆ ಬಿದ್ದಾಗಲೆಲ್ಲ ಕೊಡ್ಬೇಕು, ಕೊಡ್ಬೇಕು ಅನ್ಕೊಳ್ತಿದ್ದೆ. ನೀನು ಇಷ್ಟೊಂದು ಕೋಪ ಇಟ್ಕೊಂಡಿದ್ದೀಯ ಅಂತ ಗೊತ್ತಿರಲಿಲ್ಲ ಕಣಪ್ಪ.

ಆರ್ವಿಲ್: ಕೋಪವಾ? ನಿಮ್ಮ ಮೇಲಾ?

ಥೆಲ್ಮಾ ಟೀಚರ್: ಮತ್ತೆ? ಬುಧವಾರ ಇ-ಮೇಲಲ್ಲಿ ನಿನ್ನ ಕಾಗದ ಬಂತು, ಅಂಗಡಿ ತೆಗೀತೀವಿ ಅಂತ. ಮೇಲ್ಗಡೆನೇ 'ಉತ್ತರ ಬರೀಬೇಡಿ' ಅಂತ. ಏನೋ ಅವಸರದಲ್ಲಿ ಹಾಕಿರ್ಬೇಕು ಅಂತ ನಾನು ಬರ್ದೆ. ಬರೆದ ಕಾಗದ ವಾಪಸ್ ಬಂತು! ನಿನಗೆ ಕಾಗದ ಬರೆಯೋದು ಕಲಿಸಿದ್ದೇ ನಾನು ಆರ್ವಿಲ್. ಎರಡು ರಾತ್ರಿ ನಿದ್ದೆ ಇಲ್ಲ ನನಗೆ.

ಅಕ್ಕ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಭಾವ ಚಾವಣಿಯ ಕಡೆ ತಿರುಗಿದರು.

ಲವಾನ್: ಬುಧವಾರ ನಾನು ಚರ್ಚಲ್ಲಿ ಕೌದಿ ಹೊಲೀತಿದ್ದೆ. ಏನು ಮಾಡ್ದೆ ನೀನು?

ಆರ್ವಿಲ್: ಏನಿಲ್ಲ. ಸುಮ್ನೆ ಪರೀಕ್ಷೆಗೆ ಅಂತ ಒಂದು...

ಲವಾನ್: ಎಷ್ಟು ಜನಕ್ಕೆ?

ಆರ್ವಿಲ್: 'ಕಳಿಸು' ಅಂತಿತ್ತು. ಒತ್ತಿದೆ.

ಲವಾನ್: ಎಷ್ಟು ಜನಕ್ಕೆ ಅಂದೆ!

ಆರ್ವಿಲ್: ಎಲ್ಲಾರಿಗೂ.

ಹೊರಗಿನವರಿಗೆ ಇದೊಂದು ದೊಡ್ಡ ವಿಷಯವೇ ಎನಿಸಬಹುದು. ನಮ್ಮೂರಿನಲ್ಲಿ ಕೋಪ ಬಂದವರು ಕೂಗಾಡುವುದಿಲ್ಲ. 'ಪರವಾಗಿಲ್ಲ ಬಿಡಿ' ಎಂದು ಇನ್ನೊಂದು ಲೋಟ ಕಾಫಿ ಕೊಡುತ್ತಾರೆ. ಬೇಲಿಗೆ ಟ್ರ್ಯಾಕ್ಟರ್ ನುಗ್ಗಿಸಿದವನಿಗೂ 'ಹೇಗೂ ಹಳೇ ಬೇಲಿ' ಎನ್ನುವ ಜನ. ಇಂಥ ಊರಿನಲ್ಲಿ ಒಬ್ಬ ಗಂಡಸು ಕರಿ ಅಕ್ಷರದಲ್ಲಿ 'ನನಗೆ ಉತ್ತರ ಬರೀಬೇಡಿ' ಎಂದುಬಿಟ್ಟರೆ, ಕಾಗದ ಕಂಡವರೆಲ್ಲ ತಾವು ಮಾಡಿದ ಪಾಪ ಯಾವುದಪ್ಪಾ ಎಂದು ಹುಡುಕಲು ಕೂತುಬಿಡುತ್ತಾರೆ. ಹುಡುಕಿದರೆ ಏನಾದರೊಂದು ಎಲ್ಲರಿಗೂ ಸಿಗುತ್ತದೆ.

ಥೆಲ್ಮಾ ಟೀಚರ್: ಹೊರಗೆ ಇನ್ನೂ ಇದ್ದಾರೆ. 'ನೀವು ದೊಡ್ಡೋರು, ಮೊದಲು ಹೋಗಿ, ಕೋಪ ಎಷ್ಟಿದೆ ನೋಡಿ' ಅಂತ ನನ್ನ ಮುಂದೆ ತಳ್ಳಿದ್ರು.

ಕಿಟಕಿಯಿಂದ ನೋಡಿದೆ. ಅಂಗಳದ ಮೂಲೆಯಲ್ಲಿ ಕರಗದೆ ಉಳಿದಿದ್ದ ಹಿಮದ ಗುಡ್ಡೆಯಿಂದ ರಸ್ತೆಯವರೆಗೂ ಕಾರುಗಳು. ಒಬ್ಬರ ಕೈಯಲ್ಲಿ ಗುದ್ದಲಿ. ಇನ್ನೊಬ್ಬರ ಮುಂದೆ ಕೈಗಾಡಿ. ಎಲ್ಲರೂ ಸಾವಿನ ಮನೆಯ ಮುಂದೆ ನಿಂತವರ ಹಾಗೆ ತಲೆತಗ್ಗಿಸಿ ನಿಂತಿದ್ದರು.

ಲವಾನ್: ಒಂದು ಬೆರಳಲ್ಲಿ ಆರುನೂರ ನಲವತ್ತು ಜನರ ಹತ್ರ ಜಗಳ ಆಡಿದ್ದೀಯಲ್ಲೋ, ಪುಣ್ಯಾತ್ಮ!

ಆರ್ವಿಲ್: ಲವಾನ್, ಅಲ್ಲಿ ನೋಡೇ... ಕ್ಲಾರೆನ್ಸ್ ಕೈಲಿರೋದು ನನ್ನ ಏಣಿ!

ಕ್ಲಾರೆನ್ಸ್ ಅಂದರೆ ಪಕ್ಕದ ಹೊಲದವನು. ಏಣಿಯ ಮುಂದಿನ ತುದಿಯನ್ನು ಬಾಗಿಲೊಳಗೆ ತೂರಿಸಿ, ತಾನು ಹಿಂದಿನ ತುದಿಯಲ್ಲಿ ನಿಂತೇ ಮಾತಾಡಿದ.

ಕ್ಲಾರೆನ್ಸ್: ಆರ್ವಿಲ್, ಏಣಿ ಎಲ್ಲಿಡ್ಲಿ? ಮತ್ತೆ... ಆ ಪೆಟೂನಿಯಾ ಹೂವಿನ ವಿಷಯ ನಿನಗೆ ಯಾರು ಹೇಳಿದ್ರೋ ಗೊತ್ತಿಲ್ಲ. ಹೌದು, ಪೇಟೆಯ ದೊಡ್ಡ ಅಂಗಡಿಯಿಂದ ತಂದೆ. ಒಂದೇ ಸಲ. ಎಲ್ಲಾ ಸತ್ತೂ ಹೋದ್ವು.

ಆರ್ವಿಲ್: ನನಗೆ ಯಾರೂ ಹೇಳಿರಲಿಲ್ಲವಲ್ಲೋ.

ಕ್ಲಾರೆನ್ಸ್: ಹಾಗಾದ್ರೆ ನಾನು ಹೇಳಿಲ್ಲ ಅನ್ಕೋ.

ಭಾವನ ಮುಖ ಅರಳಿತು. ಒಂದು ತೋಳಿನಲ್ಲಿ ಬೈರಿಗೆ, ಇನ್ನೊಂದರಲ್ಲಿ ಏಣಿ ತಬ್ಬಿಕೊಂಡು ಅಕ್ಕನ ಮುಂದೆ ನಿಂತರು.

ಆರ್ವಿಲ್: ನೋಡಿದ್ಯಾ ನನ್ನ 'ನೋ-ರಿಪ್ಲೈ' ಮಹಿಮೆ? ಹೋದ ವರ್ಷ ಬಾಗಿಲು ತೆಗೆದ್ರೂ ಇಬ್ರು. ಈ ಸಲ ಬಾಗಿಲೇ ತೆಗೆದಿಲ್ಲ, ಆಗಲೇ ಹನ್ನೊಂದು ಕಾರು! ಇನ್ನೊಂದು ಸಲ ಕಳಿಸಿದ್ರೆ ನನ್ನ ಹುಲ್ಲು ಕೊಯ್ಯೋ ಮೆಷೀನೂ ಬರುತ್ತೆ!

ಅಕ್ಕ ಗಾಜಿನಾಚೆಯ ಸಸಿಗಳನ್ನು ನೋಡಿದಳು, ಅಂಗಳದ ಕಾರುಗಳನ್ನು ನೋಡಿದಳು. ಆಮೇಲೆ ಕೈಗವಸು ಮತ್ತೆ ಹಾಕಿಕೊಂಡಳು.

ಲವಾನ್: ಹಾಗೇ ಹಾಕು ಮಾರ್ಲಿಸ್. ಅವನು ಹೇಳಿದ ಹಾಗೇ. ಜನ ಬಂದು ಸಸಿ ಮನೆ ಸೇರಿದ್ರೆ ಸಾಕು. ನನ್ನ ಹೆಸರು ಇದ್ರೇನು, ಬಿಟ್ರೇನು.

ಭಾವನಿಗೆ ನಾಲ್ಕು ಮಾತು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಟೀಚರ್ ಕೈಚೀಲದಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದರು. ಅವರು ಇ-ಮೇಲನ್ನೂ ಅಚ್ಚು ಹಾಕಿ ಇಟ್ಟುಕೊಳ್ಳುವವರು.

ಥೆಲ್ಮಾ ಟೀಚರ್: ತಡಿ. ವಾಪಸ್ ಬಂದ ನನ್ನ ಉತ್ತರ ಇದು. ನೀವ್ಯಾರೂ ಓದಿಲ್ಲ. ಆರ್ವಿಲ್, ನೆಟ್ಟಗೆ ನಿಂತ್ಕೋ. ಗಟ್ಟಿಯಾಗಿ ಓದು.

ಆರ್ವಿಲ್ (ಓದುತ್ತ): 'ಪ್ರೀತಿಯ ಲವಾನ್, ನಿನ್ನ ಟೊಮೇಟೊ ಸಸಿ ನನಗೆ ಎಂಟು ತೆಗೆದಿಡು. ಹೋದ ವರ್ಷ ನಿನ್ನಿಂದ ಸುದ್ದಿ ಬರಲಿಲ್ಲ, ನೀನು ಸಸಿ ಹಾಕಿಲ್ಲವೇನೋ ಅಂದುಕೊಂಡು ಬೇರೆ ಕಡೆ ತಂದೆ. ಹಣ್ಣಿಗೆ ಒಂದು ಚೂರೂ ರುಚಿ ಇರಲಿಲ್ಲ...' ಅಲ್ಲ ಟೀಚರ್, ಕಾಗದ ಕಳಿಸಿದ್ದು ನಾನು. ನೀವು 'ಪ್ರೀತಿಯ ಲವಾನ್' ಅಂತ ಬರ್ದಿದ್ದೀರ.

ಥೆಲ್ಮಾ ಟೀಚರ್: ಮತ್ತೆ ಟೊಮೇಟೊ ಬೇಕಾದ್ರೆ ಯಾರಿಗೆ ಬರೀಬೇಕು?

ಕ್ಲಾರೆನ್ಸ್: ನಾನೂ ಲವಾನ್‌ಗೇ ಬರ್ದಿದ್ದು. ಹನ್ನೆರಡು ಸಸಿ ಕೇಳಿದ್ದೆ. ಅದೂ ವಾಪಸ್ ಬಂತು.

ಆರ್ವಿಲ್: ಹಾಗಾದ್ರೆ ಕೋಪ ಅವಳದ್ದು ಅಂತ ಯಾಕೆ ಅಂದ್ಕೊಳ್ಳಲಿಲ್ಲ? ಎಲ್ಲಾ ನನ್ನ ಹತ್ರ ಯಾಕೆ ಬಂದ್ರಿ?

ಥೆಲ್ಮಾ ಟೀಚರ್: ಲವಾನ್ 'ಉತ್ತರ ಬರೀಬೇಡಿ' ಅನ್ನೋಳಾ? ಅಂಥ ಮಾತು ಈ ಮನೇಲಿ ಯಾರ ಬಾಯಿಂದ ಬರುತ್ತೆ ಅಂತ ಊರಿಗೇ ಗೊತ್ತಪ್ಪ.

ಭಾವ ಏಣಿಯನ್ನು ಗೋಡೆಗೆ ಒರಗಿಸಿದರು. ಬೈರಿಗೆಯನ್ನೂ ಒರಗಿಸಿದರು. ಟೋಪಿಯನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದರು.

ಆರ್ವಿಲ್: ಹಾಕು ಮಾರ್ಲಿಸ್. ಲವಾನ್ ಅಂತ.

ನಾನು: 'ಲವಾನ್ ಅಂಡ್ ಸನ್ಸ್' ಅಂತನಾ ಭಾವ?

ಆರ್ವಿಲ್: ಕೀಟಲೆ ಬೇಡ. ಬರೀ ಲವಾನ್.

ಅಕ್ಕನ ಹೆಸರಿನಲ್ಲಿ ವಿಳಾಸ ಮಾಡಿದೆ. ಅವಳು ಪಕ್ಕದಲ್ಲಿ ನಿಂತು ಹೇಳಿದಳು, ನಾನು ಟೈಪ್ ಮಾಡಿದೆ: 'ನಾನು ಲವಾನ್. ನಮಗೆ ಯಾರ ಮೇಲೂ ಕೋಪವಿಲ್ಲ. ಸಸಿಗಳು ಚೆನ್ನಾಗಿವೆ, ನಿಮಗಾಗಿ ಕಾಯುತ್ತಿವೆ. ಎಷ್ಟು ಬೇಕೆಂದು ಉತ್ತರ ಬರೆಯಿರಿ.'

ಆರ್ವಿಲ್: ಹುಲ್ಲು ಕೊಯ್ಯೋ ಮೆಷೀನು ಯಾರ ಹತ್ರ ಇದೆ ಅಂತಾನೂ ಒಂದು ಸಾಲು...

ಲವಾನ್: ಸುಮ್ನಿರು!

ಕಳಿಸಿದೆವು. ಟೀಚರ್ ಮತ್ತು ಕ್ಲಾರೆನ್ಸ್ 'ಸರಿ, ಹೊರಡ್ತೀವಿ' ಎಂದರು. ಅವರು ಬಾಗಿಲು ದಾಟುವಷ್ಟರಲ್ಲಿ ಹಾಟ್‌ಡಿಶ್ ಖಾಲಿಯಾಗಿ, ಎರಡು ಸಲ ಕಾಫಿಯಾಗಿ, ಐವತ್ಮೂರು ಉತ್ತರ ಬಂದಿದ್ದವು. ಅಂಗಳದಲ್ಲಿದ್ದವರೂ ಒಬ್ಬೊಬ್ಬರಾಗಿ ಒಳಗೆ ಬಂದು, ತಂದದ್ದನ್ನು ಗೋಡೆಗೆ ಒರಗಿಸಿ, ಅಕ್ಕನ ಹತ್ತಿರ ಸಸಿಗೆ ಹೆಸರು ಬರೆಸಿ ಹೋದರು. ಭಾವ ಬೈರಿಗೆ ಹೊತ್ತು ತಮ್ಮ ಪಿಕಪ್ ಕಡೆಗೆ ನಡೆದರು.

ಕಂಪ್ಯೂಟರ್ ಮತ್ತೆ ಟಿಂಗ್ ಎಂದಿತು. ಐವತ್ನಾಲ್ಕನೆಯದು. ಕಳಿಸಿದವರು: ಮೀನುಪ್ರಿಯ ಆರ್ವಿಲ್ ಐವತ್ತೆಂಟು. ಕಿಟಕಿಯಿಂದ ನೋಡಿದರೆ ಭಾವ ಪಿಕಪ್ಪಿನೊಳಗೆ ಫೋನಿನ ಮೇಲೆ ಬಗ್ಗಿ ಕೂತಿದ್ದರು. ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು:

'ಪ್ರೀತಿಯ ಲವಾನ್, ನನಗೂ ಎರಡು ಸಸಿ ತೆಗೆದಿಡು. ಮೂವತ್ತೊಂದು ವರ್ಷದಿಂದ ಚೆನ್ನಾಗಿ ಬೆಳೆಸಿದ್ದೀಯ. ಹೇಳೋದು ಮರೆತಿದ್ದೆ. ಬೋರ್ಡ್ ಬರೆಯೋನಿಗೆ ಸೋಮವಾರ ಬಾ ಅಂದಿದ್ದೀನಿ. ಇಂತಿ ಆರ್ವಿಲ್. ಉತ್ತರ ಬರೀಬೇಡ.'

ಅಕ್ಕ ಅದನ್ನು ಮೂರು ಸಲ ಓದಿದಳು. ಮಣ್ಣಿನ ಕೈಗವಸಿನಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕೆಸರು ಮಾಡಿಕೊಂಡಳು. ಆಮೇಲೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಾನು ಕೂತು, ಎರಡು ಬೆರಳಲ್ಲಿ ಟಕಟಕ ಒತ್ತತೊಡಗಿದಳು.

ನಾನು: ಅಕ್ಕಾ, ಉತ್ತರ ಬರೀಬೇಡ ಅಂದಿದ್ದಾರಲ್ಲೇ ಭಾವ!

ಲವಾನ್: ಅಂದ್ರೆ ಅನ್ಲಿ. ಹೆದರೋಕೆ ನಾನೇನು ಅವನ ಏಣಿ ಇಟ್ಕೊಂಡಿದ್ದೀನಾ?