ಉಪ್ಪು ನೋಡುವ ಮೂಗಿಗೆ ಒಂದು ಲೋಟ ಉಪ್ಪುನೀರು

ನನಗೆ ಓದು ಕಡಿಮೆ, ಮೂಗು ಜಾಸ್ತಿ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೊರಬಿದ್ದವನು, ಗುಂಡಿ ಹಚ್ಚುವುದರಿಂದ ಶುರುಮಾಡಿ ಇವತ್ತು ರಾಯದುರ್ಗದ ಒಂದು ಜೀನ್ಸ್ ಪ್ಯಾಂಟಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೇನೆ. ಬಟ್ಟೆಯ ಮೇಲೆ ಬಟ್ಟೆ ಹಾಸಿ, ಮೊಣಕಾಲೆತ್ತರ ಪೇರಿಸಿ, ಗುರುತು ಹಾಕಿ ಮೆಷಿನ್ ಓಡಿಸಿದೆನೆಂದರೆ ಮೇಲಿನ ಪ್ಯಾಂಟಿಗೂ ತಳದ ಪ್ಯಾಂಟಿಗೂ ದಾರದೆಳೆಯಷ್ಟು ವ್ಯತ್ಯಾಸ ಬರುವುದಿಲ್ಲ. ಆದರೆ ಕೈಕೆಲಸ ಯಾರಾದರೂ ಕಲಿಯಬಹುದು, ದುಡಿಯಲು ಮೈ ಬಗ್ಗಿಸಿದರೆ ಸಾಕು. ಮೂಗು ಹಾಗಲ್ಲ. ಅದು ಪಿತ್ರಾರ್ಜಿತ. ತಾತನಿಂದ ಅಪ್ಪನಿಗೆ ಬಂತು, ಅಪ್ಪನಿಂದ ನನಗೆ ಬಂತು. ನಮ್ಮ ಮನೆಯ ಪಾಲಿಗೆ ಹೊಲ ಹೆಚ್ಚು ಬರಲಿಲ್ಲ, ಮೂಗು ಬಂತು.

ಈ ಮೂಗಿನ ಕೆಲಸವೇನು ಎಂದು ಹೇಳಿಬಿಡುತ್ತೇನೆ. ಮಡಕಶಿರಾ ಬಿಟ್ಟು ಅಗಳಿ ಕಡೆ ಹೋದರೆ ನನ್ನ ಹುಟ್ಟೂರು ಸಿಗುತ್ತದೆ. ಅಲ್ಲಿ ವರ್ಷಕ್ಕೊಂದು ಸಲ, ಅವರೆಕಾಯಿ ಕಾಲದಲ್ಲಿ, ನಮ್ಮ ಅಣ್ಣತಮ್ಮಂದಿರ ಮನೆಗಳವರೆಲ್ಲ ಸೇರಿ ಮನೆದೇವರಿಗೆ ಎಡೆ ಇಡುತ್ತೇವೆ. ದೊಡ್ಡ ಕೊಪ್ಪರಿಗೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿರುತ್ತದೆ. ದೇವರ ಎಡೆಗೆ ಮುಂಚೆ ಅದನ್ನು ಯಾರೂ ನಾಲಿಗೆಗೆ ತಾಕಿಸುವಂತಿಲ್ಲ. ನಾಲಿಗೆಗೆ ತಾಕಿಸದೆ ಉಪ್ಪಿನ ಹದ ಗೊತ್ತಾಗುವುದು ಹೇಗೆ? ಅದಕ್ಕೇ ನಮ್ಮ ಮನೆಯವರ ಮೂಗು. ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಹಬೆಗೆ ಮೂಗು ಕೊಟ್ಟು "ಇನ್ನರ್ಧ ಬೊಗಸೆ" ಅಥವಾ "ಸಾಕು" ಎಂದರೆ ಮುಗಿಯಿತು. ಉಪ್ಪಿಗೆ ವಾಸನೆ ಎಲ್ಲಿದೆ ಎಂದು ಓದಿದವರು ಕೇಳುತ್ತಾರೆ. ಇಲ್ಲ, ಒಪ್ಪಿಕೊಂಡೆ. ಆದರೆ ಉಪ್ಪು ಸಾಲದ ಸಾರಿನಲ್ಲಿ ಅವರೆಯ ಸೊಗಡು ಒಂದು ಕಡೆ, ಕೊತ್ತಂಬರಿ ಒಂದು ಕಡೆ, ಮೆಣಸಿನಕಾಯಿ ಒಂದು ಕಡೆ, ಆಸ್ತಿ ಭಾಗವಾದ ಅಣ್ಣತಮ್ಮಂದಿರ ಹಾಗೆ ಮುಖ ತಿರುಗಿಸಿಕೊಂಡು ಏಳುತ್ತವೆ. ಹದ ಕೂಡಿತೋ, ಮೂರೂ ಒಂದೇ ಮನೆಯವರ ಹಾಗೆ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತವೆ. ಹೆಚ್ಚಾಯಿತೋ, ಸೊಗಡು ಸತ್ತೇ ಹೋಗುತ್ತದೆ. ಈ ಕೆಲಸಕ್ಕೆ ಸಂಬಳವಿಲ್ಲ. ಒಂದು ತೆಂಗಿನಹೋಳು, ಪಂಕ್ತಿಯ ಮೊದಲ ಎಲೆ, ಅಷ್ಟೆ. ಆ ಮೊದಲ ಎಲೆಯ ಮುಂದೆ ಕೂತಾಗ ನನ್ನ ಬೆನ್ನು ಎಷ್ಟು ನೆಟ್ಟಗಾಗುತ್ತದೆ ಎಂಬುದನ್ನು ಹಿಂದಿನಿಂದ ನೋಡಿದವರೇ ಹೇಳಬೇಕು.

ಇಂಥ ಮೂಗಿಗೆ ಜೀನ್ಸ್ ಬಟ್ಟೆ ಗಂಟುಬಿತ್ತು. ಕಟಿಂಗ್ ಮೆಷಿನ್ ಓಡಿದಷ್ಟು ಹೊತ್ತೂ ನೂಲಿನ ಧೂಳು ನೀಲಿ ಹೊಗೆಯ ಹಾಗೆ ಏಳುತ್ತದೆ. ಬೆಳಿಗ್ಗೆ ಬಿಳಿಯಾಗಿ ಜೇಬಿಗೆ ಹೋದ ನನ್ನ ಕರ್ಚೀಫು ಸಂಜೆ ನೀಲಿಯಾಗಿ ಮನೆಗೆ ಬರುತ್ತದೆ. ಸಾವ್ಕಾರರು ಮಾಸ್ಕ್ ಕೊಟ್ಟರು. ನಾನು ಅದನ್ನು ಗಡ್ಡಕ್ಕೆ ಕಟ್ಟಿಕೊಂಡೆ. ದೇವರು ಕೊಟ್ಟ ಮೂಗು ಮುಚ್ಚಿಕೊಂಡು ಓಡಾಡುವುದಕ್ಕೆ ನಾನೇನು ಕದ್ದಿದ್ದೇನೆಯೇ? ಹೀಗೆ ವರ್ಷಗಳು ಕಳೆದು ಮೂಗು ಬೇಸಿಗೆಯ ಹಗರಿ ಹೊಳೆಯಾಯಿತು. ಒಳಗೆ ಬರೀ ಮರಳು. ಒಣಗಿ ಹಕ್ಕಳೆ ಕಟ್ಟುವುದು, ಕಿತ್ತರೆ ರಕ್ತ, ಹುಬ್ಬಿನ ನಡುವೆ ಯಾರೋ ಮೊಳೆ ಹೊಡೆದ ಹಾಗೆ ನೋವು. ವಾಸನೆ ಮೆಲ್ಲಮೆಲ್ಲನೆ ಹೋಯಿತು. ಬಾಡಿಗೆಯವನು ಹೇಳದೆ ಕೇಳದೆ ಸಾಮಾನು ಸಾಗಿಸುತ್ತಾನಲ್ಲ, ಹಾಗೆ.

ಹೋದ ವರ್ಷದ ಎಡೆಯಲ್ಲಿ ಅದು ಬಯಲಾಯಿತು. ಕೊಪ್ಪರಿಗೆಯ ಮೇಲೆ ಬಗ್ಗಿದೆ. ಹಬೆ ಬಿಸಿಯಾಗಿತ್ತು, ಅಷ್ಟು ಮಾತ್ರ ಗೊತ್ತಾಯಿತು. ಸುತ್ತ ಇಡೀ ಬಳಗ ಬಾಯಿಮುಚ್ಚಿ ನಿಂತಿದೆ. ಅಂಥ ಹೊತ್ತಿನಲ್ಲಿ "ನನಗೇನೂ ತಿಳಿಯಲಿಲ್ಲ" ಎನ್ನುವ ಮಾತು ನನ್ನಂಥವನ ಬಾಯಿಂದ ಬರುವುದುಂಟೆ? "ಇನ್ನೊಂದು ಬೊಗಸೆ ಹಾಕಿ" ಎಂದೆ. ಹಾಕಿದರು. ಆ ಮಧ್ಯಾಹ್ನ ಬಳಗದವರು ಕುಡಿದ ನೀರಿಗೆ ಟ್ಯಾಂಕರ್ ತರಿಸಬೇಕಾಯಿತು. ನಮ್ಮ ಚಿಕ್ಕಪ್ಪನ ಮಗ ಸಿದ್ದಪ್ಪ, ಮಡಕಶಿರಾದಲ್ಲಿ ಹಿಟ್ಟಿನ ಗಿರಣಿ ಇಟ್ಟವನು, ಮೂರನೇ ಚೊಂಬು ನೀರು ಇಳಿಸಿ ಕೇಳಿದ: "ಯಾಕಣ್ಣ, ಮೂಗು ರಾಯದುರ್ಗದಲ್ಲೇ ಬಿಟ್ಟು ಬಂದ್ಯಾ? ಬಸ್ಸಿಗೆ ಹತ್ತುವಾಗ ಒಂದ್ಸಲ ಮುಟ್ಟಿ ನೋಡ್ಕಬಾರ್ದಾ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಳಗಕ್ಕೆಲ್ಲ ಹಿರಿಯರಾದ ನಿಂಗಣ್ಣ ದೊಡ್ಡಪ್ಪ ಮಾತ್ರ ನಗಲಿಲ್ಲ. "ತಿಪ್ಪೇಸ್ವಾಮಿ, ಬರೋ ವರ್ಷ ನಿನ್ ಜೊತೆಗೆ ಸಿದ್ದನೂ ಬಗ್ಗಿ ನೋಡ್ಲಿ. ನೀನು ಇನ್ನೊಂದ್ಸಲ ತಪ್ಪಿದ್ರೆ ಉಪ್ಪು ನೋಡೋದು ಅವರ ಮನೆಗೆ ಹೋಗ್ಲಿ" ಎಂದರು. ಹೊಲ ಹೋದರೆ ಕೋರ್ಟಿಗೆ ಹೋಗಬಹುದು. ಮೂಗು ಹೋದರೆ ಯಾವ ಕೋರ್ಟಿಗೆ ಹೋಗುವುದು?

ನನ್ನ ಹೆಂಡತಿ ಗಂಗಮ್ಮ ಗುಡಿಬಂಡೆ ಕಡೆಯವಳು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತಾಡಿದಳು: "ಸುಮ್ನೆ ಡಾಕ್ಟ್ರತ್ರ ನಡೀರಿ." ನಡೆದೆ, ಅವಳೂ ಜೊತೆಗೆ ಬಂದಳು. ಡಾಕ್ಟರಮ್ಮ ಟಾರ್ಚ್ ಬಿಟ್ಟು ಒಳಗೆ ನೋಡಿ, "ಏನ್ರಿ ಮಾಸ್ಟ್ರ, ಮೂಗಿನಾಗ ಒಂದು ಪ್ಯಾಂಟ್ ಹೊಲಿಯೋ ಅಷ್ಟು ನೂಲು ಐತಲ್ರಿ! ಮಾಸ್ಕ್ ಯಾಕ ಹಾಕ್ಕೊಳ್ಳಲ್ರಿ?" ಎಂದರು. ನಾನು ಗಡ್ಡದ ಮೇಲಿದ್ದ ಮಾಸ್ಕನ್ನು ಸಾಕ್ಷಿಗೆ ತೋರಿಸಿದೆ. ಅವರು ಅದನ್ನು ಸಾಕ್ಷಿ ಎಂದು ಒಪ್ಪಲಿಲ್ಲ. ಹಿಂಡಿದರೆ ನೀರು ಚಿಮ್ಮುವ ಒಂದು ಬಾಟಲಿ, ಒಂದಿಷ್ಟು ಉಪ್ಪಿನ ಪುಡಿಯ ಪೊಟ್ಟಣ ಬರೆದುಕೊಟ್ಟರು. ನೀರು ಕುದಿಸಿ, ಉಗುರುಬೆಚ್ಚಗೆ ಆರಿಸಿ, ಪೊಟ್ಟಣ ಕರಗಿಸಿ, ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದು ಹೊಳ್ಳೆಯಲ್ಲಿ ಬರುತ್ತದೆ. ಪೊಟ್ಟಣ ಮುಗಿದ ಮೇಲೆ ಮನೆಯಲ್ಲೇ ಉಪ್ಪು ಹೇಗೆ ಅಳೆಯಬೇಕು ಎಂದೂ ಹೇಳಿದರು. ಅವರು ಆ ಅಳತೆ ಹೇಳುವಾಗ ನಾನು ಗೋಡೆಯ ಮೇಲಿದ್ದ ಮೂಗಿನ ಚಿತ್ರ ನೋಡುತ್ತಿದ್ದೆ. ಉಪ್ಪಿನ ಅಳತೆಯನ್ನು ನನಗೆ ಹೇಳುವುದೆಂದರೇನು! ಮೀನಿಗೆ ಈಜು ಹೇಳಿಕೊಟ್ಟಂತೆ.

ಪೊಟ್ಟಣ ಇದ್ದಷ್ಟು ದಿನ ನಾನು ಬಾಟಲಿಯಿಂದ ದೂರವೇ ಇದ್ದೆ, ಬಾಟಲಿ ನನ್ನಿಂದ ದೂರವಿತ್ತು. ನಿಜ ಹೇಳಬೇಕೆಂದರೆ ಭಯ. ಬಾಯಿಗೆ ಹೋಗಬೇಕಾದ ನೀರನ್ನು ಮೂಗಿಗೆ ಬಿಟ್ಟುಕೊಳ್ಳುವುದು ಕೆರೆಯಲ್ಲಿ ಮುಳುಗುವವರ ಕೆಲಸ; ಮನೆಯಲ್ಲಿ ಕೂತು ಯಾರು ಮುಳುಗುತ್ತಾರೆ? ಆ ಪೊಟ್ಟಣಗಳು ಗೋಡೆಯ ಗೂಡಿನಲ್ಲಿದ್ದು ತೇವಕ್ಕೆ ಗಟ್ಟಿಯಾಗಿ ಹೋದವು. ಅಷ್ಟರಲ್ಲಿ ಮಳೆಗಾಲ ಕಳೆದು ಚಳಿ ಬಿತ್ತು, ಸಂತೆಗೆ ಅವರೆಕಾಯಿ ಬಂತು. ಅವರೆಕಾಯಿಯ ರಾಶಿಯ ಮುಂದೆ ನಿಂತು ಮೂಸಿದೆ. ಮಣ್ಣಿನ ಹೆಂಟೆ ಮೂಸಿದ ಹಾಗಾಯಿತು.

ಆಗ ನನ್ನ ತಲೆ ಓಡಿತು. ನಮ್ಮ ಬೀದಿಯ ಬೋರ್‌ವೆಲ್ಲಿನ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ, ಬಿಂದಿಗೆಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಸರ್ಕಾರ ನೆಲದೊಳಗಿನಿಂದಲೇ ಉಪ್ಪುನೀರು ಕೊಡುತ್ತಿರುವಾಗ ಉಪ್ಪಿನ ಪುಡಿ ಯಾಕೆ ಕೊಳ್ಳಬೇಕು? ಆ ನೀರನ್ನೇ ಕುದಿಸಿ ಆರಿಸಿ ಬಾಟಲಿಗೆ ತುಂಬಿ, ಬಚ್ಚಲಲ್ಲಿ ಬಗ್ಗಿ, ದೇವರ ಹೆಸರು ಹೇಳಿ ಹಿಂಡಿದೆ. ಮೆಣಸಿನಕಾಯಿ ಕುಟ್ಟುವ ಗಿರಣಿಗೆ ತಲೆ ಕೊಟ್ಟ ಹಾಗಾಯಿತು. ಕಣ್ಣಿಂದ, ಮೂಗಿಂದ, ಬಾಯಿಂದ, ಎಲ್ಲಿ ದಾರಿ ಇತ್ತೋ ಅಲ್ಲಿಂದೆಲ್ಲ ನೀರು ಬಂತು. ನನ್ನ ಕೂಗಿಗೆ ಎದುರುಮನೆಯವರು ಹಾವು ಹೊಕ್ಕಿತೆಂದು ಕೋಲು ತಂದರು.

ನಾನು ಸೋಲುವವನಲ್ಲ. ಮರುದಿನ ಇನ್ನೊಂದು ದಾರಿ ಹಿಡಿದೆ. ಸವಳು ಉರಿಯಿತು ಎಂದರೆ ಉಪ್ಪೇ ಬೇಡ. ಕುಡಿಯುವ ಫಿಲ್ಟರ್ ನೀರು, ಹಾಲಿನಷ್ಟು ತಣ್ಣಗಿನ ಸ್ವಭಾವದ್ದು, ಅದನ್ನೇ ಕುದಿಸಿ ಆರಿಸಿ ಹಿಂಡಿದೆ. ಆಶ್ಚರ್ಯವೆಂದರೆ ಅದೂ ಅಷ್ಟೇ ಉರಿಯಿತು! ಎದುರುಮನೆಯವರು ಈ ಸಲ ಕೋಲು ತರಲಿಲ್ಲ, ಕುರ್ಚಿ ತಂದರು, ಕೂತು ನೋಡುವುದಕ್ಕೆ.

ಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲ ಬಾಗಿಲಿಗೆ ಬಂದಳು. "ಏನ್ರೀ, ಊರಿನ ಕೊಪ್ಪರಿಗೆಗೆಲ್ಲ ಉಪ್ಪು ಹೇಳೋರು, ಒಂದು ಲೋಟ ನೀರಿಗೆ ಉಪ್ಪು ಹಾಕಕ್ಕೆ ಬರಲ್ವಾ? ಹೆಚ್ಚಾದ್ರೂ ಉರೀತದೆ, ಇಲ್ದಿದ್ರೂ ಉರೀತದೆ ಅಂತ ಡಾಕ್ಟ್ರಮ್ಮ ಬಾಯಿಬಿಟ್ಟು ಹೇಳಿದ್ರು. ನೀವು ಗೋಡೆ ನೋಡ್ತಿದ್ರಿ" ಎಂದಳು. ಹೋಗಿ ನೀರು ಕುದಿಸಿ, ಆರಿಸಿ, ಏನೋ ಅಳೆದು, ಕಲಕಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿ, ಬಾಟಲಿ ತುಂಬಿ ಕೈಗೆ ಕೊಟ್ಟಳು. "ಬಗ್ಗಿ, ಬಾಯಿ ತೆಗೆದಿರಿ, ಉಸಿರು ಎಳೀಬೇಡಿ. ಹಿಂಡಿ."

ಹಿಂಡಿದೆ. ಉರಿ ಇಲ್ಲ. ಬೆಚ್ಚಗೆ, ಯಾರೋ ತಲೆಯೊಳಗೆ ಕೈಯಾಡಿಸಿ ಸಮಾಧಾನ ಹೇಳಿದ ಹಾಗೆ, ನೀರು ಬಲಹೊಳ್ಳೆಯಲ್ಲಿ ಹೋಗಿ ಎಡಹೊಳ್ಳೆಯಲ್ಲಿ ಬಂತು. ಮೊದಲು ಸಣ್ಣ ಧಾರೆ, ಆಮೇಲೆ ಭೈರವಾನಿತಿಪ್ಪದ ಡ್ಯಾಮಿನ ಗೇಟು ಎತ್ತಿದ ಹಾಗೆ. ಬಂದದ್ದು ಬರೀ ನೀರಲ್ಲ. ನೀಲಿ! ನಾನು ಕತ್ತರಿಸಿದ ಪ್ಯಾಂಟುಗಳೆಲ್ಲ ಎಳೆ ಎಳೆಯಾಗಿ ಬಚ್ಚಲಿಗೆ ಇಳಿದವು. ಅಂದಿನಿಂದ ದಿನಾ ಕೆಲಸ ಮುಗಿಸಿ ಬಂದ ಕೂಡಲೆ ಮೂಗು ತೊಳೆಯುವುದು ನನ್ನ ಸಂಧ್ಯಾವಂದನೆಯಾಯಿತು. ಬಾಟಲಿ ಸಿದ್ಧವಾಗಿ ಕೈಗೆ ಬರುತ್ತಿತ್ತು. ನಾನು ಬಗ್ಗುವುದು ಮಾತ್ರ. ಮಾಸ್ಕು ಕೂಡ ಗಡ್ಡದಿಂದ ಬಡ್ತಿ ಪಡೆದು ಮೂಗಿಗೆ ಏರಿತು.

ಒಣಗಿದ್ದು ಮೆತ್ತಗಾಯಿತು, ಹುಬ್ಬಿನ ಮೊಳೆ ಯಾರೋ ಕಿತ್ತರು. ವಾಸನೆ ಮಾತ್ರ ಬರಲಿಲ್ಲ. ಕಾದೆ. ಒಂದು ಬೆಳಿಗ್ಗೆ, ಮೆಷಿನ್ ಇನ್ನೂ ಶುರುಮಾಡಿರಲಿಲ್ಲ, ಹೊಸ ಬಟ್ಟೆಯ ಸುರುಳಿ ಬಿಚ್ಚುತ್ತಿದ್ದವನು ಹಾಗೇ ನಿಂತುಬಿಟ್ಟೆ. ಗಾಳಿಯಲ್ಲಿ ಏನೋ ಇದೆ. ಕರಿದ ಎಣ್ಣೆ, ಓಂಕಾಳು, ಅದರ ಹಿಂದೆ ಹಸಿಮೆಣಸಿನಕಾಯಿ. "ಯಾರೋ ಮಿರ್ಚಿ ತಂದೀರಿ!" ಎಂದು ಕೂಗಿದೆ. ದಾರ ಕತ್ತರಿಸುವ ಹುಲಿಗೆಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಮಾಸ್ಟ್ರ, ಚೀಲದಾಗ, ಡಬ್ಬಿಯಾಗ, ಮ್ಯಾಲೆ ಸೀರಿ ಮುಚ್ಚೀನಿ. ನಿಮಗ ಹೆಂಗ ಗೊತ್ತಾತ್ರಿ?" ನನಗೆ ಅಳುವೇ ಬಂತು. ಅವಳು ಅದನ್ನು ಹಸಿವು ಎಂದುಕೊಂಡು ಎರಡು ಮಿರ್ಚಿ ಕೊಟ್ಟಳು. ತಿಂದೆ.

ಎಡೆಯ ದಿನ ಬಂತು. ಕೊಪ್ಪರಿಗೆ ಕುದಿಯುತ್ತಿತ್ತು. ಮಾತಿನಂತೆ ದೊಡ್ಡಪ್ಪ ಸಿದ್ದಪ್ಪನನ್ನು ಮೊದಲು ಕರೆದರು. ಅವನು ಹೊಸ ಪಂಚೆ ಉಟ್ಟು, ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಥೇಟು ನಮ್ಮಪ್ಪನ ಹಾಗೆಯೇ ಒಂದು ಕೈ ಬೆನ್ನಿಗಿಟ್ಟುಕೊಂಡು ಮೂಸಿದ. "ಸರಿ ಐತೆ ದೊಡ್ಡಪ್ಪ, ಒಂದು ಕಲ್ಲು ಉಪ್ಪೂ ಬೇಕಾಗಿಲ್ಲ." ಆಮೇಲೆ ನಾನು ಬಗ್ಗಿದೆ. ಹಬೆ ಮುಖಕ್ಕೆ ಬಡಿಯಿತು. ಸೊಗಡು ಬಂತು, ಎಷ್ಟು ದಿನಗಳ ಮೇಲೆ! ಅದರ ಪಕ್ಕ ಕೊತ್ತಂಬರಿ, ಸ್ವಲ್ಪ ದೂರದಲ್ಲಿ ಮೆಣಸಿನಕಾಯಿ. ಮೂವರೂ ಇನ್ನೂ ಮಾತು ಬಿಟ್ಟುಕೊಂಡೇ ಇದ್ದಾರೆ. "ಇನ್ನೊಂದು ಬೊಗಸೆ" ಎಂದೆ.

ಗುಂಪಿನಲ್ಲಿ ಗುಜುಗುಜು ಎದ್ದಿತು. ಹೋದ ವರ್ಷ ಬಾಯಿಗೆ ಬಂದ ಮಾತೇ ಈ ವರ್ಷವೂ ಬಂದಿದೆ! "ಅಣ್ಣಂಗೆ ಬೊಗಸೆ ಬಿಟ್ರೆ ಬೇರೆ ಲೆಕ್ಕ ಬರಲ್ಲ ಕಣ್ರಪ್ಪ. ಚೊಂಬು ತುಂಬಿಟ್ಕಳಿ" ಎಂದ ಸಿದ್ದಪ್ಪ. ದೊಡ್ಡಪ್ಪ ನನ್ನ ಮುಖ ನೋಡಿದರು. "ತಿಳಿದು ಹೇಳ್ತಿದ್ದೀಯೇನ್ಲಾ?" "ತಿಳಿದೇ ಹೇಳ್ತಿದ್ದೀನಿ." ಅವರು ತಾವೇ ಬೊಗಸೆ ತುಂಬಿ ಉಪ್ಪು ಹಾಕಿದರು. ಇನ್ನು ತಿರುಗಿ ತೆಗೆಯುವಂತಿಲ್ಲ. ಪೂಜೆ ನಡೆಯುವಾಗ ನಾನು ಏನು ಬೇಡಿಕೊಂಡೆ ಎಂದು ನಮ್ಮ ದೇವರಿಗೆ ಗೊತ್ತು, ನಿಮಗೆ ಹೇಳುವುದಿಲ್ಲ.

ಎಡೆಯಾಯಿತು, ಎಲೆ ಹಾಕಿದರು. ನಮ್ಮಲ್ಲಿ ಎಲೆಯ ಮೂಲೆಗೆ ಮೊದಲು ಚಿಟಿಕೆ ಉಪ್ಪು ಬಡಿಸುತ್ತಾರೆ. ಸಾಲದವರು ಕಲಸಿಕೊಳ್ಳಲಿ ಎಂದು. ಮುದ್ದೆ ಬಿತ್ತು, ಸಾರು ಬಿತ್ತು. ನಾನು ತುತ್ತು ಎತ್ತದೆ ಸಾಲನ್ನೇ ನೋಡುತ್ತಿದ್ದೆ. ಮಾತೇ ಇಲ್ಲ, ಬರೀ ಸೊರ್ ಸೊರ್ ಸದ್ದು. ಎರಡನೇ ಸಲ ಸಾರು ಹೋಯಿತು, ಮೂರನೇ ಸಲವೂ ಹೋಯಿತು. ಯಾರೂ ಚೊಂಬು ಎತ್ತಲಿಲ್ಲ. ಊಟ ಮುಗಿದ ಮೇಲೆ ದೊಡ್ಡಪ್ಪ ಕೋಲೂರಿಕೊಂಡು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಎಲೆಗಳನ್ನು ನೋಡುತ್ತ ಬಂದರು. ಎಲೆ ಎಲೆಯ ಮೂಲೆಯಲ್ಲೂ ಆ ಚಿಟಿಕೆ ಉಪ್ಪು ಬಡಿಸಿದ ಹಾಗೇ ಕೂತಿತ್ತು. ಸಿದ್ದಪ್ಪನ ಎಲೆಯಲ್ಲೂ! ದೊಡ್ಡಪ್ಪ ಕೋಲಿನಿಂದ ಅದನ್ನೇ ತೋರಿಸಿ, "ಮೂಗು ಬಂದೈತೆ ಕಣ್ಲಾ" ಎಂದು ತೆಂಗಿನಹೋಳನ್ನು ನನ್ನ ಕೈಗಿಟ್ಟರು. ಆ ಹೋಳು ಹಿಡಿದು ನಿಂತ ಗತ್ತಿಗೆ ಒಂದು ಪೇಟ ಮಾತ್ರ ಕಡಿಮೆಯಿತ್ತು.

ಆಗ ಸಿದ್ದಪ್ಪ ಹತ್ತಿರ ಬಂದ, ದನಿ ಇಳಿಸಿದ. "ಅಣ್ಣ, ನಗಬ್ಯಾಡ. ಗಿರಣಿ ಹಿಟ್ಟು ಕೂತು ಕೂತು ನನ್ ಮೂಗೂ ಗಾರೆ ಆಗೋಗೈತೆ. ನಂಗೆ ಹಬೆ ಬಿಟ್ರೆ ಏನೂ ತಿಳೀಲಿಲ್ಲ. ನೀನು ಏನು ಮಾಡಿಸಿದ್ಯೋ ಹೇಳು." ಗೆದ್ದವನು ದೊಡ್ಡ ಮನಸ್ಸು ಮಾಡಬೇಕು. ನಾನು ಕೋಲು ತರಿಸಿ ನೆಲದ ಮೇಲೆ ಮೂಗಿನ ಚಿತ್ರ ಬರೆದೆ. ಹೊಳ್ಳೆ, ಗೇಟು, ನೀರು ಬರುವ ದಾರಿ, ಹೋಗುವ ದಾರಿ. ಮಾಸ್ಕಿನ ಮಹಿಮೆ ಹೇಳಿದೆ. ಸವಳು ನೀರಿನವರನ್ನು, ಅವರು ಯಾರೋ ಬೇರೆಯವರು ಎಂಬ ಹಾಗೆ, ಮೂರ್ಖರೆಂದು ಬೈದೆ. ಜನ ಸೇರಿದರು. ದೊಡ್ಡಪ್ಪನೂ ಕಿವಿಗೆ ಕೈಯಿಟ್ಟುಕೊಂಡು ಬಗ್ಗಿದರು.

"ಅದೆಲ್ಲ ಸರಿ ಕಣಣ್ಣ" ಎಂದ ಸಿದ್ದಪ್ಪ, "ಲೋಟಕ್ಕೆ ಉಪ್ಪು ಎಷ್ಟು?"

ನಾನು ಕೈಯಲ್ಲಿದ್ದ ತೆಂಗಿನಹೋಳನ್ನು ಒಮ್ಮೆ ಮೂಸಿದೆ, ಏನೋ ಲೆಕ್ಕ ಹಾಕುತ್ತಿರುವವನ ಹಾಗೆ. ಕೊನೆಗೆ ಹೆಂಗಸರ ಗುಂಪಿನ ಕಡೆ ತಿರುಗಿ, ಆದಷ್ಟು ಗಂಭೀರವಾಗಿ, "ಗಂಗಾ..." ಎಂದೆ.

ಅವಳು ಎಲೆ ಎತ್ತುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ಕೊಪ್ಪರಿಗೆಗಾದ್ರೆ ನಿಮ್ಮಣ್ಣನ್ನ ಕೇಳು ಸಿದ್ದಪ್ಪ. ಲೋಟಕ್ಕಾದ್ರೆ ಇಲ್ಲಿ ಬಾ."

ಅವನು ಹೋದ. ಹೋಗಿ ಕೇಳಿ ತಿಳಿದುಕೊಂಡ. ನಾನೂ ಕೈ ತೊಳೆಯುವ ನೆಪದಲ್ಲಿ ಅಲ್ಲೇ ಹತ್ತಿರ ನಿಂತು ಕೇಳಿಸಿಕೊಂಡೆ.